ಸುಂದರದ್ವಾರದ ಬಳಿ ಕೂತವನು

ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ಈ ದಿನ ನಮ್ಮ ಪಾಠಕ್ಕೆ ಅಪೊಸ್ತಲರ ಕೃತ್ಯಗಳು 3ನೇ ಅಧ್ಯಾಯ, 1ರಿಂದ 10ನೇ ವಚನದವರೆಗೆ. ಎಲ್ಲರೂ ತೆಗೆದಿಟ್ಟುಕೊಳ್ಳಿ. ಫೋನಲ್ಲಿ ಓದೋರು ವಾಟ್ಸ್‌ಆ್ಯಪ್ ಮುಚ್ಚಿ ಬೈಬಲ್ ತೆರೀರಿ. ಆಮೆನ್?

ಹೋದ ತಿಂಗಳು ನಮ್ಮ ಸಭೆಯ ಒಬ್ಬ ತಮ್ಮ ನನಗೆ ಫೋನ್ ಮಾಡಿದ್ದ. ಕೆಲಸದ ಮೇಲೆ ಅಮೆರಿಕದ ಷಾರ್ಲಟ್ ನಗರಕ್ಕೆ ಹೋಗಿದ್ದಾನೆ. "ಬ್ರದರ್, ರಜೆಗೆ ನಾವು ನಾಲ್ಕು ಜನ ಆ್ಯಶ್‌ವಿಲ್‌ಗೆ ಹೋಗೋಣ ಅಂತಿದೀವಿ. ಆದರೆ ಅಲ್ಲಿ ಡೌನ್‌ಟೌನ್ ಸೇಫ್ ಅಲ್ಲ, ರಸ್ತೆ ತುಂಬ ಮನೆಯಿಲ್ಲದೋರು, ಕ್ರೈಮ್ ಜಾಸ್ತಿ ಅಂತಾರೆ. ನೀವು ಹೋಗಿದ್ರಲ್ಲ, ಹೋಗ್ಬಹುದಾ?" ಅಂತ ಕೇಳಿದ.

ನಾನು "ಹೋಗು, ಕಾರಲ್ಲಿ ಬ್ಯಾಗ್ ಬಿಡಬೇಡ" ಅಂತ ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಯಾಕಂದ್ರೆ ಆ ಊರಲ್ಲಿ ನಾನೇ ಒಂದು ತಪ್ಪು ಮಾಡಿ ಬಂದಿದ್ದೆ. ಅದನ್ನ ಇವತ್ತು ನಿಮ್ಮ ಮುಂದೆ ಹೇಳ್ತೀನಿ.

ಮೊದಲು ಊರಿನ ಬಗ್ಗೆ. ಆ್ಯಶ್‌ವಿಲ್ ಇರೋದು ನಾರ್ತ್ ಕ್ಯಾರೊಲಿನಾ ರಾಜ್ಯದ ಪಶ್ಚಿಮದಲ್ಲಿ, ಬ್ಲೂ ರಿಜ್ ಬೆಟ್ಟಗಳ ನಡುವೆ. ಸಮುದ್ರಮಟ್ಟದಿಂದ ಸುಮಾರು 2,100 ಅಡಿ ಮೇಲೆ. ಜನಸಂಖ್ಯೆ ಒಂದು ಲಕ್ಷವೂ ಇಲ್ಲ. ಆದರೆ ಆ ಊರೂ ಸುತ್ತಲಿನ ಕೌಂಟಿಯೂ ಸೇರಿ ವರ್ಷಕ್ಕೆ ಬರೋ ಪ್ರವಾಸಿಗಳು ಒಂದು ಕೋಟಿಗೂ ಹೆಚ್ಚು. ಅಕ್ಟೋಬರ್‌ನಲ್ಲಿ ಬೆಟ್ಟದ ಮರಗಳೆಲ್ಲ ಕೆಂಪು, ಹಳದಿ. ಅದನ್ನ ನೋಡೋಕೆ ಜನ ಸಾಲುಗಟ್ಟಿ ಬರ್ತಾರೆ. ಅಲ್ಲೇ ಬಿಲ್ಟ್‌ಮೋರ್ ಅನ್ನೋ ಅರಮನೆ ಇದೆ. ಜಾರ್ಜ್ ವ್ಯಾಂಡರ್‌ಬಿಲ್ಟ್ ಎಂಬ ಶ್ರೀಮಂತ 1895ರಲ್ಲಿ ಮುಗಿಸಿದ್ದು. 250 ಕೋಣೆ. ಅಮೆರಿಕದಲ್ಲೇ ಅತಿ ದೊಡ್ಡ ಖಾಸಗಿ ಮನೆ.

ದೇಶದ ಅತಿ ದೊಡ್ಡ ಮನೆ ಇರೋ ಅದೇ ಊರಲ್ಲಿ, 2023ರ ಜನವರಿಯ ಒಂದು ರಾತ್ರಿ ಎಣಿಸಿದಾಗ ಮನೆಯಿಲ್ಲದವರು 573 ಮಂದಿ. 2024ರ ಜನವರಿಯಲ್ಲಿ 739. 2025ರಲ್ಲಿ 755. ವರ್ಷಕ್ಕೊಮ್ಮೆ ಒಂದೇ ರಾತ್ರಿ, ಆಶ್ರಯಧಾಮಗಳಲ್ಲಿ ಮಲಗಿದವರನ್ನೂ ರಸ್ತೆ, ಕಾರು, ಟೆಂಟುಗಳಲ್ಲಿ ಮಲಗಿದವರನ್ನೂ ಹುಡುಕಿ ಎಣಿಸೋದು ಅಲ್ಲಿನ ಪದ್ಧತಿ. ಎಣಿಸೋರ ಕಣ್ಣಿಗೆ ಬೀಳದವರು ಈ ಲೆಕ್ಕದಲ್ಲಿ ಬರೋದಿಲ್ಲ.

2023ರ ಅಕ್ಟೋಬರ್‌ನಲ್ಲಿ ನಾನು ಷಾರ್ಲಟ್‌ನಲ್ಲಿರೋ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಭಾವ ಒಂದು ದಿನ ರಜೆ ಹಾಕಿ ಎಲ್ಲರನ್ನೂ ಆ್ಯಶ್‌ವಿಲ್‌ಗೆ ಕರಕೊಂಡು ಹೋದರು. ಎರಡು ಗಂಟೆ ದಾರಿ. ಕಾರಲ್ಲೇ ಅಕ್ಕ ಎಚ್ಚರಿಕೆ ಕೊಟ್ಟಳು: "ಯಾರಾದ್ರೂ ಮಾತಾಡ್ಸಿದ್ರೆ ನಿಲ್ಲಬೇಡ ಕಣೋ. ಭಾವನ ಆಫೀಸಿನವರ ಕಾರಿನ ಗಾಜು ಒಡೆದು ಲ್ಯಾಪ್‌ಟಾಪ್ ಕದ್ದಿದಾರೆ." ಡೌನ್‌ಟೌನ್‌ನಲ್ಲಿ ನಡೀತಿದ್ದಾಗ ಒಂದು ಅಂಗಡಿ ಗೋಡೆಗೆ ಒರಗಿ ಒಬ್ಬ ಕೂತಿದ್ದ. ಬಿಳಿ ಗಡ್ಡ, ಪಕ್ಕದಲ್ಲಿ ಸುತ್ತಿಟ್ಟ ಕಂಬಳಿ. ನನ್ನನ್ನ ನೋಡಿ "ಗುಡ್ ಮಾರ್ನಿಂಗ್, ಸರ್" ಅಂದ. ನಾನು ಫೋನ್ ತೆಗೆದೆ. ಸಿಗ್ನಲ್‌ನಲ್ಲಿ ಯಾರಾದ್ರೂ ಕಾರಿನ ಗಾಜು ತಟ್ಟಿದಾಗ ನಾವೆಲ್ಲ ಮಾಡ್ತೀವಲ್ಲ, ಹಾಗೇ, ಮೆಸೇಜ್ ಬಂದಿರೋ ತರ. ಅವನು ಮತ್ತೆ ಹೇಳಿದ. ನಾನು ರಸ್ತೆ ದಾಟಿಬಿಟ್ಟೆ.

ಆ ಕಡೆ ಹೋದ ಮೇಲೆ ಅಕ್ಕನ ಮಗ, ಒಂಬತ್ತು ವರ್ಷ, ಕೇಳಿದ: "ಮಾಮ, ಅವರು ಬರೀ ಗುಡ್ ಮಾರ್ನಿಂಗ್ ಅಂದ್ರು. ನೀನ್ಯಾಕೆ ಹೇಳ್ಲಿಲ್ಲ?"

ಪ್ರಿಯರೇ, ಹಿಂದಿನ ಭಾನುವಾರ ತಾನೇ ನಾನು ಅಲ್ಲಿನ ಒಂದು ಮನೆ ಕೂಟದಲ್ಲಿ ಪ್ರೀತಿಯ ಬಗ್ಗೆ ವಾಕ್ಯ ಹಂಚಿದ್ದೆ. ಆ ಹುಡುಗ ಮುಂದಿನ ಸಾಲಲ್ಲೇ ಕೂತು ಕೇಳಿದ್ದ. ನನ್ನ ಹತ್ರ ಉತ್ತರ ಇರಲಿಲ್ಲ.

ಈಗ ಅಪೊಸ್ತಲರ ಕೃತ್ಯಗಳಿಗೆ ಬನ್ನಿ. ಯೆರೂಸಲೇಮ್ ಕೂಡ ಬೆಟ್ಟದ ಮೇಲಿನ ಊರು, ಆ್ಯಶ್‌ವಿಲ್‌ಗಿಂತ ಸ್ವಲ್ಪ ಎತ್ತರವೇ. ಹಬ್ಬಕ್ಕೆ ದೂರದ ದೇಶಗಳಿಂದ ಜನ ಬೆಟ್ಟ ಹತ್ತಿ ಬರೋರು. ಯಾತ್ರೆಯ ಕೀರ್ತನೆಗಳು ಅಂತ ನಾವು ಓದ್ತೀವಲ್ಲ, 120ರಿಂದ 134, ಅವು ಆ ದಾರಿಯಲ್ಲಿ ಹಾಡಿದ್ದು. ಅಂಥ ಊರಿನ ದೇವಾಲಯದಲ್ಲಿ ಸುಂದರದ್ವಾರ ಅನ್ನೋ ಬಾಗಿಲು. ಅದರ ಬಳಿ ಹುಟ್ಟುಕುಂಟನಾದ ಒಬ್ಬ ಮನುಷ್ಯ. ಬೆಟ್ಟದ ಮೇಲೆ ಸುಂದರವಾದ ಊರು, ದೂರದಿಂದ ಬಂದ ಜನ, ಬಾಗಿಲಲ್ಲಿ ಕೈಚಾಚಿ ಕೂತವನು. ಈ ಚಿತ್ರ 2,000 ವರ್ಷ ಹಳೇದು. ಇದರಿಂದ ಮೂರು ಸಂಗತಿ ಕಲಿಯೋಣ.

1. ಭಯವನ್ನೂ ಮನುಷ್ಯನನ್ನೂ ಬೇರೆ ಬೇರೆಯಾಗಿ ನೋಡಿ

ಮೊದಲೇ ಒಂದು ಮಾತು ಸ್ಪಷ್ಟ ಮಾಡ್ತೀನಿ. ಅಕ್ಕನ ಭಯ ಸುಳ್ಳಲ್ಲ. ಆ್ಯಶ್‌ವಿಲ್‌ನ ವ್ಯಾಪಾರಿಗಳು, ಹೋಟೆಲ್ ಕೆಲಸದವರು ನಗರಸಭೆಗೆ ಹೋಗಿ ದೂರಿದ್ದೂ ಸುಳ್ಳಲ್ಲ. ಕಳ್ಳತನ, ಬಾಗಿಲ ಮುಂದೆ ಮಾದಕವಸ್ತು, ರಾತ್ರಿ ಕೆಲಸ ಮುಗಿಸಿ ಒಬ್ಬಳೇ ಕಾರಿನ ತನಕ ನಡೀಬೇಕಾದ ಹೆಣ್ಣುಮಗಳ ಭಯ. ಇದನ್ನೆಲ್ಲ "ನಿಮಗೆ ಪ್ರೀತಿ ಇಲ್ಲ" ಅಂತ ತಳ್ಳಿಹಾಕೋದು ಕ್ರೈಸ್ತತನ ಅಲ್ಲ. 2020ರ ನಂತರ ಅಲ್ಲಿನ ಪೊಲೀಸ್ ಇಲಾಖೆಯಿಂದ ಬಹಳ ಮಂದಿ ಕೆಲಸ ಬಿಟ್ಟು ಹೋಗಿದ್ದರು. 2023ರ ಮೇ 1ರಿಂದ ನಗರಾಡಳಿತ 60 ದಿನದ ಡೌನ್‌ಟೌನ್ ಸುರಕ್ಷತಾ ಕಾರ್ಯಕ್ರಮ ಶುರು ಮಾಡಿತು. ಪೊಲೀಸರ ಗಸ್ತು, ಸ್ವಚ್ಛತೆ, ಬೀದಿ ದೀಪ, ಜೊತೆಗೆ ಕಷ್ಟದಲ್ಲಿರೋರನ್ನ ಮಾತಾಡಿಸೋಕೆ ಅಗ್ನಿಶಾಮಕ ಇಲಾಖೆಯ ಒಂದು ತಂಡ.

ಯೇಸುಸ್ವಾಮಿ ಕೂಡ ಅಪರಾಧ ಇಲ್ಲ ಅಂತ ಹೇಳಲಿಲ್ಲ. ಲೂಕ 10ರಲ್ಲಿ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯೋ ದಾರಿಯಲ್ಲಿ ಕಳ್ಳರು ಇದ್ದಾರೆ. ನಿಜವಾದ ಕಳ್ಳರು, ಹೊಡೆದು ಅರೆಜೀವ ಮಾಡಿ ಬಿಟ್ಟುಹೋಗೋರು. ಆದರೆ ಗಮನಿಸಿ. ಆ ದಾರಿಯಲ್ಲಿ ನೆಲದ ಮೇಲೆ ಬಿದ್ದಿರೋನು ಯಾರು? ಕಳ್ಳ ಅಲ್ಲ, ಕಳ್ಳರ ಕೈಗೆ ಸಿಕ್ಕವನು. ಯಾಜಕನೂ ಲೇವಿಯನೂ ಆಚೆ ಬದಿಗೆ ಯಾಕೆ ಹೋದರು ಅಂತ ವಾಕ್ಯ ಹೇಳೋದಿಲ್ಲ. ನನಗನ್ನಿಸೋದು, ಅವರಿಗೂ ನನ್ನ ಹಾಗೆ ಹೆದರಿಕೆ ಇದ್ದಿರಬಹುದು. ಬಿದ್ದವನನ್ನ ನೋಡಿದರು, ಅಪಾಯ ಅಂದ್ಕೊಂಡರು.

ಇವತ್ತೂ ಅದೇ ನಡೀತಿದೆ. ರಸ್ತೆಯಲ್ಲಿ ಮಲಗೋರ ಬಗ್ಗೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ಹೇಳೋದು, ಮನೆಯಿರೋರಿಗಿಂತ ಅವರೇ ಹೊಡೆತಕ್ಕೂ ಕಳ್ಳತನಕ್ಕೂ ಅತ್ಯಾಚಾರಕ್ಕೂ ಹೆಚ್ಚು ಸಿಕ್ಕಿಬೀಳ್ತಾರೆ ಅಂತ. ಬಾಗಿಲಿಲ್ಲ, ಚಿಲಕ ಇಲ್ಲ. ನಿಮ್ಮ ಲ್ಯಾಪ್‌ಟಾಪ್ ಹೋದರೆ ಕಂಪನಿಗೆ ಮೇಲ್ ಹಾಕ್ತೀರಿ. ಅವನ ಕಂಬಳಿಯ ಜೊತೆ ಗುರುತಿನ ಚೀಟಿ ಹೋದರೆ ಕೆಲಸ ಕೇಳೋಕೂ ಆಗಲ್ಲ. ತಪ್ಪು ಮಾಡಿದವನನ್ನ ಅವನ ತಪ್ಪಿಗಾಗಿ ಕೇಳಿ. ಮನೆ ಇಲ್ಲ ಅನ್ನೋದನ್ನೇ ತಪ್ಪು ಮಾಡಬೇಡಿ.

ಅದನ್ನೇ ತಪ್ಪು ಮಾಡಿದ್ರೆ ಏನಾಗುತ್ತೆ ಅನ್ನೋದೂ ಆ ಊರಲ್ಲೇ ಇದೆ. 2021ರ ಕ್ರಿಸ್‌ಮಸ್ ರಾತ್ರಿ ಆಸ್ಟನ್ ಪಾರ್ಕ್‌ನಿಂದ ಪೊಲೀಸರು ಜನರನ್ನ ಎಬ್ಬಿಸಿ ಕಳಿಸಿದರು. ವರದಿ ಮಾಡೋಕೆ ಹೋಗಿದ್ದ ಇಬ್ಬರು ಪತ್ರಕರ್ತರನ್ನೂ ಬಂಧಿಸಿದರು. ಛತ್ರದಲ್ಲಿ ಸ್ಥಳ ಸಿಗದೆ ಗೋದಲಿಯಲ್ಲಿ ಮಲಗಿದ ಮಗುವಿನ ಹಬ್ಬ ನಾವು ಆಚರಿಸೋ ರಾತ್ರಿ ಅದು. 2024ರ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ ಗ್ರ್ಯಾಂಟ್ಸ್ ಪಾಸ್ ಅನ್ನೋ ಇನ್ನೊಂದು ಊರಿನ ಪ್ರಕರಣದಲ್ಲಿ, ಸಾರ್ವಜನಿಕ ಜಾಗದಲ್ಲಿ ಮಲಗೋರಿಗೆ ದಂಡ ಹಾಕೋದು ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತ 6-3ರಲ್ಲಿ ತೀರ್ಪು ಕೊಟ್ಟಿತು. ದಂಡ ಕಟ್ಟೋಕೆ ಆಗಲ್ಲ, ವಾರಂಟ್ ಬರುತ್ತೆ, ಜೈಲು ಆಗುತ್ತೆ, ಹೆಸರಿನ ಮೇಲೆ ದಾಖಲೆ ಬೀಳುತ್ತೆ. ದಾಖಲೆ ಇರೋನಿಗೆ ಯಾವ ಮನೆ ಮಾಲೀಕ ಬಾಡಿಗೆಗೆ ಕೊಡ್ತಾನೆ? ಮನೆ ಇಲ್ಲ ಅಂತ ಹಾಕಿದ ದಂಡವೇ ಮನೆ ಸಿಗದ ಹಾಗೆ ಮಾಡುತ್ತೆ.

2. ಅವನನ್ನು ಬಾಗಿಲ ಬಳಿ ಕೂರಿಸಿದ್ದು ಏನು?

2ನೇ ವಚನ ನಿಧಾನಕ್ಕೆ ಓದಿ. ಆ ಮನುಷ್ಯ ತಾನಾಗಿ ಅಲ್ಲಿಗೆ ನಡೆದು ಬರಲಿಲ್ಲ. ಪ್ರತಿದಿನ ಯಾರೋ ಹೊತ್ತು ತಂದು ಅಲ್ಲಿ ಕೂರಿಸ್ತಿದ್ದರು. ಹಾಗಾದ್ರೆ ಆ್ಯಶ್‌ವಿಲ್‌ನ ಆ ಗೋಡೆಯ ಬಳಿ ಆ ಬಿಳಿ ಗಡ್ಡದವನನ್ನ ಹೊತ್ತು ತಂದಿದ್ದು ಏನು?

ನಾವು ತಕ್ಷಣ ಹೇಳೋ ಉತ್ತರ: ಕುಡಿತ, ಡ್ರಗ್ಸ್, ಸೋಮಾರಿತನ. ಕೆಲವರ ಜೀವನದಲ್ಲಿ ಕುಡಿತ, ಡ್ರಗ್ಸ್ ಇವೆ, ಇಲ್ಲ ಅನ್ನಲ್ಲ. ಆದರೆ ವೆಸ್ಟ್ ವರ್ಜೀನಿಯಾ ಅಂತ ಒಂದು ರಾಜ್ಯ ಇದೆ, ಅದೇ ಅಪ್ಪಲೇಚಿಯನ್ ಬೆಟ್ಟಸಾಲು. ಮಾದಕವಸ್ತು ಮಿತಿಮೀರಿ ಸಾಯೋರ ಪ್ರಮಾಣದಲ್ಲಿ ಎಷ್ಟೋ ವರ್ಷಗಳಿಂದ ದೇಶದಲ್ಲೇ ಮುಂದೆ. ಡ್ರಗ್ಸೇ ಮುಖ್ಯ ಕಾರಣ ಆಗಿದ್ದರೆ ಅಲ್ಲಿ ಮನೆಯಿಲ್ಲದವರು ಎಲ್ಲಕ್ಕಿಂತ ಜಾಸ್ತಿ ಇರಬೇಕಿತ್ತು. ಇಲ್ಲ. ಕ್ಯಾಲಿಫೋರ್ನಿಯಾಗೆ ಹೋಲಿಸಿದರೆ ಎಷ್ಟೋ ಕಡಿಮೆ. ಯಾಕೆ? ಅಲ್ಲಿ ಬಾಡಿಗೆ ಕಡಿಮೆ. ಕಷ್ಟದಲ್ಲಿರೋನಿಗೂ ಒಂದು ಕೋಣೆ ಸಿಗುತ್ತೆ.

ಆ್ಯಶ್‌ವಿಲ್‌ನಲ್ಲಿ ಬಾಡಿಗೆ ಆ ರಾಜ್ಯದಲ್ಲೇ ದುಬಾರಿ ಅನ್ನೋ ಊರುಗಳ ಸಾಲಿಗೆ ಸೇರಿದ್ದು. ನಮ್ಮಂಥೋರು ಬೆಟ್ಟ ನೋಡೋಕೆ ಬರ್ತೀವಿ, ಹೊರಗಿನ ಹಣವಂತರು ಅಲ್ಲೇ ಎರಡನೇ ಮನೆ ಕೊಳ್ತಾರೆ, ಜಾಗದ ಬೆಲೆ ಏರುತ್ತೆ. ನಮ್ಮ ಹಾಸಿಗೆ ಹಾಸಿ, ನಮ್ಮ ತಟ್ಟೆ ತೊಳೆಯೋರ ಸಂಬಳ ಅಷ್ಟು ಏರೋದಿಲ್ಲ. ನಾರ್ತ್ ಕ್ಯಾರೊಲಿನಾದಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ವಾರಕ್ಕೆ 40 ಗಂಟೆ ದುಡಿದರೆ ನಾಲ್ಕು ವಾರಕ್ಕೆ 1,160 ಡಾಲರ್. ಒಂದು ಬೆಡ್‌ರೂಮಿನ ಬಾಡಿಗೆಯೇ ಸಾವಿರ ದಾಟುತ್ತೆ. ಟಿಪ್ಸ್ ಪಡೆಯೋ ಸಪ್ಲೈಯರ್‌ಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೂ ಕಾನೂನು ಒಪ್ಪುತ್ತೆ, ಉಳಿದದ್ದು ಟಿಪ್ಸ್‌ನಿಂದ ತುಂಬಬೇಕು. ತುಂಬದಿದ್ದರೆ ಮಾತ್ರ ಮಾಲೀಕ ಸೇರಿಸಿ ಕೊಡಬೇಕು. ಎಷ್ಟೋ ಕಡೆ ಕನಿಷ್ಠಕ್ಕಿಂತ ಜಾಸ್ತಿ ಕೊಡ್ತಾರೆ, ಆದರೂ ಬಾಡಿಗೆಯ ಓಟಕ್ಕೆ ಸಾಲದು. ಒಂದು ಆಪರೇಷನ್, ಒಂದು ಡಿವೋರ್ಸ್, ಕೆಟ್ಟು ನಿಂತ ಒಂದು ಕಾರು ಸಾಕು.

ಇನ್ನೊಂದು ಸಂಗತಿ ತಿಳಿದಾಗ ನನಗೆ ಆಶ್ಚರ್ಯ ಆಯ್ತು. ಅಲ್ಲಿ ಹೋಟೆಲ್ ರೂಮಿನ ಬಾಡಿಗೆ ಮೇಲೆ 6% ಪ್ರವಾಸಿ ತೆರಿಗೆ ಇದೆ. ರಾಜ್ಯದ ಕಾನೂನಿನ ಪ್ರಕಾರ ಆ ಹಣದ ಮುಕ್ಕಾಲು ಭಾಗ ಪ್ರವಾಸೋದ್ಯಮದ ಪ್ರಚಾರಕ್ಕೇ ಹೋಗ್ತಿತ್ತು. ಅಂದ್ರೆ ಪ್ರವಾಸಿ ಕೊಟ್ಟ ಹಣದಿಂದ ಇನ್ನಷ್ಟು ಪ್ರವಾಸಿಗಳನ್ನ ಕರೆಯೋದು. 2022ರಲ್ಲಿ ಕಾನೂನು ತಿದ್ದಿದ ಮೇಲೂ ಮೂರರಲ್ಲಿ ಎರಡು ಭಾಗ ಪ್ರಚಾರಕ್ಕೇ. ಸುಂದರದ್ವಾರಕ್ಕೆ ಹೊಳಪು ಕೊಡೋಕೆ ದುಡ್ಡು ಇತ್ತು, ಪ್ರಿಯರೇ. ಬಾಗಿಲ ಬಳಿ ಕೂತವನು ಆ ಬಜೆಟ್‌ನಲ್ಲಿ ಇರಲಿಲ್ಲ.

ಇದನ್ನ ಯಾಕೆ ಪುಲ್ಪಿಟ್‌ನಿಂದ ಹೇಳ್ತಿದೀನಿ? ಯಾಕಂದ್ರೆ ನಾನು ಆ ಊರಿಗೆ ನೋಡೋಕೆ ಮಾತ್ರ ಹೋದೆ ಅಂದ್ಕೊಂಡಿದ್ದೆ. ಇಲ್ಲ, ನಾನೂ ಆ ಲೆಕ್ಕದಲ್ಲಿ ಇದ್ದೆ. ನನ್ನ ರೂಮಿನ ಬಿಲ್‌ನಲ್ಲಿ ಆ 6% ಇತ್ತು. ನಿಮ್ಮಲ್ಲಿ ಐಟಿಯಲ್ಲಿರೋರು ನಾಳೆ ಹೂಡಿಕೆ ಅಂತ ಯಾವುದೋ ಬೆಟ್ಟದೂರಲ್ಲಿ ಮನೆ ತಗೊಂಡು ದಿನದ ಬಾಡಿಗೆಗೆ ಬಿಡಬಹುದು. ಅದು ಪಾಪ ಅಂತ ನಾನು ಹೇಳಲ್ಲ. ಆದರೆ ಅಲ್ಲಿ ಮೊದಲು ವಾಸ ಇದ್ದೋರು ಎಲ್ಲಿ ಹೋದರು ಅಂತ ಒಂದು ಸಲ ಕೇಳಿ.

3. ನೋಡಿದರು, ಕೈ ಹಿಡಿದರು

4ನೇ ವಚನ. ಪೇತ್ರನೂ ಯೋಹಾನನೂ ಅವನನ್ನ ದೃಷ್ಟಿಯಿಟ್ಟು ನೋಡ್ತಾರೆ. ಆಮೇಲೆ ಅವನಿಗೂ ತಮ್ಮನ್ನ ನೋಡು ಅಂತಾರೆ. ಅದ್ಭುತಕ್ಕೆ ಮೊದಲು ನಡೆದದ್ದು ಇದು. ಹತ್ತಾರು ವರ್ಷ ಸಾವಿರಾರು ಜನ ಅವನನ್ನ ದಾಟಿ ಹೋಗಿದ್ದರು. 10ನೇ ವಚನದಲ್ಲಿ ಜನ ಅವನನ್ನ ಗುರುತಿಸೋದು ಹೇಗೆ? ಆ ಬಾಗಿಲಲ್ಲಿ ಭಿಕ್ಷೆಗೆ ಕೂರ್ತಿದ್ದವನು ಅಂತ. ಅವನು ಕೂರೋ ಜಾಗ ಎಲ್ಲರಿಗೂ ಗೊತ್ತು. ಅವನ ಹೆಸರು ಇಡೀ ಅಧ್ಯಾಯದಲ್ಲಿ ಇಲ್ಲ.

ಆಮೇಲೆ ಪೇತ್ರ ತನ್ನ ಹತ್ರ ಬೆಳ್ಳಿಬಂಗಾರ ಇಲ್ಲ ಅಂತ ಹೇಳಿ, ನಜರೇತಿನ ಯೇಸುವಿನ ನಾಮದಲ್ಲಿ ಎದ್ದು ನಡೆ ಅಂತಾನೆ. ಈ ವಚನ ನಮಗೆ ಬಹಳ ಇಷ್ಟ. ಯಾಕೆ ಗೊತ್ತಾ? ದುಡ್ಡು ಕೊಡದೇ ಇರೋಕೆ ಒಳ್ಳೇ ವಚನ! ಪೇತ್ರನ ಹತ್ರ ನಿಜವಾಗ್ಲೂ ಇರಲಿಲ್ಲ. ನಿಮ್ಮ ಹತ್ರ ಫೋನ್‌ಪೇ ಇದೆ. ಇದ್ದೂ ಇಲ್ಲ ಅನ್ನೋಕೆ ಈ ವಾಕ್ಯ ಬಳಸಬೇಡಿ. ಪೇತ್ರ ಮಾತಲ್ಲೇ ನಿಲ್ಲಿಸಲಿಲ್ಲ. 7ನೇ ವಚನ: ಬಲಗೈ ಹಿಡಿದು ಎತ್ತಿದ. ರಸ್ತೆಯ ಧೂಳಲ್ಲಿ ಕೂತವನ ಕೈ.

ಆ್ಯಶ್‌ವಿಲ್‌ನಲ್ಲಿ ಕೈ ಹಿಡಿದವರೂ ಇದ್ದಾರೆ. ಹೇವುಡ್ ಸ್ಟ್ರೀಟ್ ಕಾಂಗ್ರಿಗೇಷನ್ ಅಂತ ಡೌನ್‌ಟೌನ್‌ನಲ್ಲೇ ಒಂದು ಮೆಥೊಡಿಸ್ಟ್ ಸಭೆ, 2009ರಲ್ಲಿ ಶುರುವಾದದ್ದು. ಅಲ್ಲಿ ಮನೆಯಿಲ್ಲದವರಿಗೆ ಊಟ ಕೊಡೋದು ಸಾಲಲ್ಲಿ ನಿಲ್ಲಿಸಿ ಅಲ್ಲ. ಮೇಜಿನ ಮೇಲೆ ಹೂವು, ಪಿಂಗಾಣಿ ತಟ್ಟೆ, ಬಟ್ಟೆಯ ನ್ಯಾಪ್ಕಿನ್, ಕೂತವರಿಗೆ ಬಡಿಸ್ತಾರೆ. ಆಸ್ಪತ್ರೆಯಿಂದ ಬಿಡುಗಡೆ ಆಗಿ ಹೋಗೋಕೆ ಜಾಗ ಇಲ್ಲದವರಿಗೆ ಗುಣವಾಗೋ ತನಕ ಹಾಸಿಗೆ ಕೊಡ್ತಾರೆ. 2019ರಲ್ಲಿ ಕ್ರಿಸ್ಟೋಫರ್ ಹೋಲ್ಟ್ ಅನ್ನೋ ಕಲಾವಿದ ಆ ಸಭೆಯ ಗೋಡೆಯ ಮೇಲೆ ಯೇಸುವಿನ ಧನ್ಯವಚನಗಳ ದೊಡ್ಡ ಚಿತ್ರ ಬರೆದರು. ಅದರಲ್ಲಿರೋ ಮುಖಗಳು ಯಾರದ್ದು? ಅಲ್ಲಿಗೆ ಊಟಕ್ಕೆ ಬರೋ ಬೀದಿಯ ಜನರದ್ದೂ ಇವೆ. ನಾನು ಫೋನ್ ನೋಡಿ ದಾಟಿದಂಥ ಮುಖಗಳನ್ನ ಒಬ್ಬ ಮನುಷ್ಯ ದಿನಗಟ್ಟಲೆ ಕೂತು ದೃಷ್ಟಿಯಿಟ್ಟು ನೋಡಿದ.

ಹೋಮ್‌ವರ್ಡ್ ಬೌಂಡ್ ಅನ್ನೋ ಸಂಸ್ಥೆ ಟನಲ್ ರೋಡ್‌ನಲ್ಲಿದ್ದ ಹಳೇ ಹೋಟೆಲ್ ಒಂದನ್ನ 85 ಮನೆಗಳಾಗಿ ಮಾಡಿತು. ದೀರ್ಘಕಾಲ ಬೀದಿಯಲ್ಲಿದ್ದವರಿಗೆ, ಜೊತೆಗೆ ಆರೈಕೆಯೂ ಸೇರಿ. 2023ರಲ್ಲಿ ತೆರೆದದ್ದು. ಪ್ರವಾಸಿ ಮಲಗ್ತಿದ್ದ ಕೋಣೆಗೆ ಈಗ ಚಿಲಕ ಹಾಕಿಕೊಂಡು ಮಲಗೋನು ಮನೆಯಿಲ್ಲದೆ ಇದ್ದವನು. ಚಿಲಕ ಇದ್ದರೆ ಅವನೂ ಸುರಕ್ಷಿತ, ಡೌನ್‌ಟೌನ್‌ನಲ್ಲಿ ನಡೆಯೋ ಹೆಣ್ಣುಮಗಳೂ ಸುರಕ್ಷಿತ. ಸುರಕ್ಷತೆ ಒಂದು ಕಡೆ, ಕರುಣೆ ಇನ್ನೊಂದು ಕಡೆ ಅಂತ ನಾವು ಹಗ್ಗಜಗ್ಗಾಟ ಆಡ್ತೀವಿ. ಆ ಚಿಲಕದಲ್ಲಿ ಎರಡೂ ಇವೆ.

ನಾವು ಪೆಂಟೆಕೋಸ್ಟ್ ಸಭೆಯವರು, ಉಪವಾಸ ಪ್ರಾರ್ಥನೆ ಮಾಡೋರು. ಯೆಶಾಯ 58ನ್ನ ಮನೆಗೆ ಹೋಗಿ ಓದಿ. ದೇವರು ಮೆಚ್ಚೋ ಉಪವಾಸದ ಪಟ್ಟಿಯಲ್ಲಿ ಹಸಿದವನಿಗೆ ಅನ್ನ ಹಂಚೋದು, ಅಲೆಯುವ ಬಡವನನ್ನ ಮನೆಗೆ ಸೇರಿಸೋದು ಇದೆ. ಮೂರು ದಿನ ಉಪವಾಸ ಮಾಡಿ ನಾಲ್ಕನೇ ದಿನ ಅವನನ್ನ ದಾಟಿ ಹೋದರೆ, ಆ ಉಪವಾಸ ಎಲ್ಲಿಗೆ ಮುಟ್ಟಿತು?

ಈಗ ಕೊನೆಯ ಮಾತು. 2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತ ಆ್ಯಶ್‌ವಿಲ್ ಮೇಲೆ ಬಂತು. ಬೆಟ್ಟದ ಊರು, ಸಮುದ್ರದಿಂದ ನೂರಾರು ಮೈಲಿ ದೂರ, ನಮಗೆ ಚಂಡಮಾರುತ ಏನು ಮಾಡುತ್ತೆ ಅಂದ್ಕೊಂಡಿದ್ದರು. ನದಿ ಉಕ್ಕಿತು, ಮನೆಗಳು ಕೊಚ್ಚಿಹೋದವು, ಜನ ಸತ್ತರು. 53 ದಿನ ಆ ಊರಿನ ನಲ್ಲಿಯಲ್ಲಿ ಕುಡಿಯೋ ನೀರು ಬರಲಿಲ್ಲ. ಅಕ್ಟೋಬರ್‌ನ ಸೀಸನ್ ಹೋಯ್ತು, ಹೋಟೆಲ್ ಕೆಲಸದವರ ಸಂಬಳ ಹೋಯ್ತು. ಹಿಂದಿನ ದಿನ ಬಾಡಿಗೆ ಕಟ್ಟಿದ್ದವರು, ಸ್ವಂತ ಮನೆ ಇದ್ದವರು ಮರುದಿನ ಆಶ್ರಯಧಾಮದ ಮಂಚದ ಮೇಲೆ ಇದ್ದರು. ಮನೆಯಿಲ್ಲದವರು ಅನ್ನೋದು ಬೇರೆ ಯಾವುದೋ ಜಾತಿಯ ಜನ ಅಂತ ತಿಳ್ಕೊಂಡಿದ್ದವರಿಗೆ ಒಂದೇ ರಾತ್ರಿಯಲ್ಲಿ ಉತ್ತರ ಸಿಕ್ಕಿತು.

ನಮ್ಮ ಕರ್ತನೂ ತನಗೆ ತಲೆಯಿಡೋಕೆ ಸ್ಥಳ ಇಲ್ಲ ಅಂತ ಹೇಳಿದವನು, ಮತ್ತಾಯ 8ರಲ್ಲಿ. ನಾನು ಆ ದಿನ ರಸ್ತೆ ದಾಟಿದಾಗ ಯಾರನ್ನ ಬಿಟ್ಟು ದಾಟಿದೆ ಅಂತ ನನಗೆ ಈಗಲೂ ಯೋಚನೆ ಬರುತ್ತೆ. ಆ ಬಿಳಿ ಗಡ್ಡದವನು ಚಂಡಮಾರುತದ ರಾತ್ರಿ ಎಲ್ಲಿದ್ದನೋ ನನಗೆ ಗೊತ್ತಿಲ್ಲ. ಹೆಸರು ಕೇಳಿದ್ದರೆ ಹೆಸರು ಹಿಡಿದು ಪ್ರಾರ್ಥನೆ ಮಾಡಬಹುದಿತ್ತು.

ಷಾರ್ಲಟ್‌ನ ತಮ್ಮನಿಗೆ ಮತ್ತೆ ಫೋನ್ ಮಾಡಿದೆ. ಹೇಳಿದ್ದು ಇಷ್ಟೇ, ನಿಮಗೂ ಹೇಳ್ತೀನಿ. ಹೋಗಿ ಬನ್ನಿ. ಕಾರಲ್ಲಿ ಬ್ಯಾಗ್ ಬಿಡಬೇಡಿ. ಯಾರಾದ್ರೂ ಬೆದರಿಸಿದ್ರೆ ಅಲ್ಲಿಂದ ಹೊರಡಿ, ಸಹಾಯಕ್ಕೆ ಕರೀರಿ. ತಂಗಿಯರು ಒಬ್ಬರೇ ಇದ್ದಾಗ ನಿಲ್ಲಲೇಬೇಕು ಅಂತಿಲ್ಲ, ಅದು ಅಪನಂಬಿಕೆ ಅಲ್ಲ. ಟ್ರಿಪ್ ಬಜೆಟ್‌ನಲ್ಲಿ ಆ ಊರಿನ ಜನರ ಕೈ ಹಿಡಿದಿರೋ ಸಂಸ್ಥೆಗೆ ಒಂದು ಪಾಲು ಎತ್ತಿಡಿ. ತಟ್ಟೆ ತಂದವರಿಗೆ ಟಿಪ್ಸ್ ಬಿಡಿ, ಅದು ಅವರ ಬಾಡಿಗೆ. ಗುಡ್ ಮಾರ್ನಿಂಗ್ ಅಂದವನಿಗೆ ಮುಖ ನೋಡಿ ಗುಡ್ ಮಾರ್ನಿಂಗ್ ಅನ್ನಿ. ಆದರೆ ಹೆಸರು ಕೇಳಿ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಾವು ನೋಡದೇ ದಾಟಿದ ಮುಖಗಳಿಗಾಗಿ ನಮ್ಮನ್ನ ಕ್ಷಮಿಸು. ಆ ಬೆಟ್ಟದ ಊರಿನಲ್ಲಿ ಈ ರಾತ್ರಿ ಹೊರಗೆ ಮಲಗೋ ಒಬ್ಬೊಬ್ಬರನ್ನೂ, ಭಯದಲ್ಲಿ ನಡೆಯೋ ಒಬ್ಬೊಬ್ಬರನ್ನೂ ಕಾಪಾಡು. ಪವಿತ್ರಾತ್ಮನೇ, ಪೇತ್ರನಿಗೆ ಕೊಟ್ಟ ಕಣ್ಣನ್ನೂ ಕೈಯನ್ನೂ ನಮಗೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.

ಕೇರ್ ಸೆಲ್‌ನಲ್ಲಿ ಮಾತಾಡೋಕೆ:

1. ಅಪೊಸ್ತಲರ ಕೃತ್ಯಗಳು 3ರಲ್ಲಿ ಪೇತ್ರನು ಮಾತಾಡೋ ಮೊದಲು ಏನು ಮಾಡಿದನು? ನೀವು ಕೊನೆಯ ಸಲ ಹಾಗೆ ಮಾಡಿದ್ದು ಯಾವಾಗ?

2. ಮನೆಯಿಲ್ಲದವನನ್ನು ನೋಡಿದಾಗ ನಿಮಗೆ ಬರೋ ಭಯದಲ್ಲಿ ಯಾವುದು ನಿಮ್ಮ ಸ್ವಂತ ಅನುಭವ, ಯಾವುದು ಬರೀ ಕೇಳಿದ ಮಾತು?

3. ನಮ್ಮ ಗುಂಪಿನ ಮುಂದಿನ ಟ್ರಿಪ್‌ನಲ್ಲಿ ಆ ಊರಿನವರಿಗಾಗಿ ನಾವು ಏನು ಎತ್ತಿಡ್ತೀವಿ? ಮೊತ್ತ ಇವತ್ತೇ ಬರೆದಿಡಿ.